ಹುಚ್ಚಮ್ಮನ ಸುಣ್ಣದ ಕಲ್ಲು

ಹುಚ್ಚಮ್ಮನಿಗೆ ಹುಚ್ಚಿರಲಿಲ್ಲ. ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕಂದ್ರೆ ಹೊಸಬರು ಹೆಸರು ಕೇಳಿದ ಕೂಡಲೇ ತುಟಿ ಕಚ್ಚಿ ನಗು ತಡೆಯುತ್ತಾರೆ. ಅವಳಿಗಿಂತ ಮುಂಚೆ ಹುಟ್ಟಿದ ಕೂಸುಗಳು ಒಂದೂ ದಕ್ಕಲಿಲ್ಲವಂತೆ. ಚೆಂದದ ಹೆಸರಿಟ್ಟರೆ ಇದರ ಮೇಲೂ ಯಮನ ಕಣ್ಣು ಬೀಳುತ್ತದೆ ಅಂತ ಹೆದರಿದ ಅಜ್ಜಿ, ಕೂಸನ್ನು ತಿಪ್ಪೆಯ ಮೇಲೊಮ್ಮೆ ಮಲಗಿಸಿ ಎತ್ತಿಕೊಂಡು, ಹುಚ್ಚಮ್ಮ ಅಂತ ಕೂಗಿಬಿಟ್ಟಳು. ಯಮ ಅತ್ತ ತಿರುಗಿಯೂ ನೋಡಲಿಲ್ಲ. ಹುಡುಗಿ ಬದುಕಿತು. ಬದುಕಿ ಬೆಳೆದು ಎಂಥಾ ಹಟಮಾರಿಯಾಯಿತು ಅಂದರೆ, ಅವಳು ಒಮ್ಮೆ ‘ಆಗುತ್ತೆ’ ಅಂದದ್ದನ್ನು ‘ಆಗಲ್ಲ’ ಅನ್ನಿಸೋದು ಮನೆಯವರಿಂದಲೂ ಆಗಲಿಲ್ಲ, ಊರವರಿಂದಲೂ ಆಗಲಿಲ್ಲ.

ಮದುವೆಯಾಗಿ ಸೊರಬ ತಾಲ್ಲೂಕಿನ ಕುಪ್ಪಗಡ್ಡೆಗೆ ಬಂದಳು. ಗಂಡ ನಾಗರಾಜಪ್ಪ ಬೆಳಿಗ್ಗೆ ಒಂದು ಮಾತು, ಸಂಜೆ ಒಂದು ಮಾತು ಆಡುವ ಮನುಷ್ಯ. ನಡುವಿನ ಮಾತೆಲ್ಲ ಇವಳೇ ಆಡಬೇಕಿತ್ತು, ಆಡಿದಳು. ಇದ್ದ ತುಂಡು ಗದ್ದೆಯಲ್ಲಿ ಭತ್ತ ಬೆಳೆದರು, ಮಗಳು ಶರಣ್ಯಳನ್ನು ಓದಿಸಿ ಶಿಕಾರಿಪುರಕ್ಕೆ ಮದುವೆ ಮಾಡಿ ಕೊಟ್ಟರು. ಅಲ್ಲಿಗೆ ಬಹಳ ಜನರ ಕಥೆ ಮುಗಿಯುತ್ತದೆ. ಹುಚ್ಚಮ್ಮನದು ಅಲ್ಲಿಂದ ಶುರುವಾಯಿತು.

ಎರಡನೇ ಹೆರಿಗೆಗೆ ಶರಣ್ಯ ತವರಿಗೆ ಬರಲಿಲ್ಲ, ಶಿಕಾರಿಪುರದಲ್ಲೇ ಉಳಿದಳು. ಬಾಣಂತಿಗೆ ನಾಟಿ ಕೋಳಿ ಮೊಟ್ಟೆ ಬೇಕಲ್ಲ! ಹುಚ್ಚಮ್ಮ ಹಿತ್ತಲಿನ ಮೊಟ್ಟೆಗಳನ್ನು ಭತ್ತದ ಹೊಟ್ಟು ತುಂಬಿದ ಬುಟ್ಟಿಯಲ್ಲಿಟ್ಟು, ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ, ಬುಟ್ಟಿಯನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಹೋದಳು. ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹತ್ತಿರ ದೇವರಾಜ ಅನ್ನುವವನ ಕಿರಾಣಿ ಅಂಗಡಿ. ದಣಿವಾರಿಸಿಕೊಳ್ಳೋಕೆ ಅವನ ಕಟ್ಟೆ ಮೇಲೆ ಕೂತಾಗ ಅವನು ಬುಟ್ಟಿಯೊಳಗೆ ಇಣುಕಿದ.

“ಖರೇ ನಾಟಿ ಮೊಟ್ಟೆ ಏನ್ರೀ ಇವು? ನಮ್ಮಲ್ಲಿ ದಿನಾ ಕೇಳ್ತಾರ. ವಾರ ವಾರ ತಂದ್ಕೊಡ್ತೀರೇನು?”

“ಅದಕ್ಕೆಂತ, ತಂದ್ಕೊಡ್ತೀನಿ” ಅಂದುಬಿಟ್ಟಳು. ತನ್ನ ಹಿತ್ತಲಲ್ಲಿ ಅಷ್ಟು ಕೋಳಿ ಎಲ್ಲಿವೆ ಅಂತ ಯೋಚನೆ ಬಂದದ್ದು ವಾಪಸ್ ಬರುವ ಬಸ್ಸಿನಲ್ಲಿ.

ಕೋಳಿ ಇಲ್ಲದಿದ್ದರೇನು, ಕೇರಿ ಇತ್ತು. ಪಕ್ಕದ ಮನೆಯ ಸೊಸೆ ಸುನಿತಾ, ಎದುರು ಮನೆಯ ರಾಜೇಶ್ವರಮ್ಮ, ಆಚೆಯವರು, ಈಚೆಯವರು, ಎಲ್ಲರ ಬಾಗಿಲಿಗೂ ಹೋಗಿ ಒಪ್ಪಿಸಿದಳು. ರಾಜೇಶ್ವರಮ್ಮ ಹಿರಿಯಳು, ಬಾಯಲ್ಲಿ ಎಲೆಅಡಿಕೆ ಇಲ್ಲದ ಹೊತ್ತಿಲ್ಲ, ಯಾವುದಕ್ಕೂ ಮೊದಲ ಸಲಕ್ಕೆ ಹೂಂ ಅಂದವಳಲ್ಲ. ಅವಳೂ ಕೊನೆಗೆ ಹೂಂ ಅಂದಳು. ವಾರಕ್ಕೊಮ್ಮೆ ಎಲ್ಲರ ಮೊಟ್ಟೆ ಒಂದೇ ಬುಟ್ಟಿಗೆ ಬೀಳುತ್ತಿತ್ತು, ಬುಟ್ಟಿ ಹುಚ್ಚಮ್ಮನ ತಲೆ ಮೇಲೆ ಏರುತ್ತಿತ್ತು. ದೇವರಾಜ ಅಂಗಡಿ ಮುಂದೆ ಒಂದು ಕರಿ ಹಲಗೆ ತೂಗುಹಾಕಿ, ‘ಕುಪ್ಪಗಡ್ಡೆ ನಾಟಿ ಮೊಟ್ಟೆ ಬಂದಿದೆ’ ಅಂತ ಸೀಮೆಸುಣ್ಣದಲ್ಲಿ ಬರೆದ. ಹುಚ್ಚಮ್ಮ ಹೋದಾಗಲೆಲ್ಲ ಅದನ್ನು ಬಾಯಿಬಿಟ್ಟು ಓದುತ್ತಿದ್ದಳು. ಬಸ್ಸಿಗೆ ಕಾಯುವವರು ನೋಡಿ ನಗಲಿ, ಅವಳಿಗೇನು? ಇಷ್ಟು ವರ್ಷ ನಾಗರಾಜಪ್ಪನ ಹೆಂಡತಿ, ಶರಣ್ಯನ ಅವ್ವ ಅನ್ನಿಸಿಕೊಂಡಿದ್ದವಳಿಗೆ ಈಗ ಶಿಕಾರಿಪುರದ ಪೇಟೆಯಲ್ಲಿ ಒಂದು ಕೆಲಸ ಇತ್ತು, ಜನ ಅವಳ ದಾರಿ ಕಾಯುತ್ತಿದ್ದರು. ಅದರ ಸುಖ ಅನುಭವಿಸಿದವರಿಗೇ ಗೊತ್ತು.

ಹೀಗೆ ಎರಡು ಮಳೆಗಾಲ ಚೆನ್ನಾಗಿ ನಡೆಯಿತು. ಆಮೇಲೆ ಊರಲ್ಲಿ ಬೀದಿನಾಯಿಗಳ ಕಾಟ ಜಾಸ್ತಿಯಾಯಿತು. ಹಾಡುಹಗಲೇ ಹಿತ್ತಲಿಗೆ ನುಗ್ಗಿ ಕೋಳಿ ಎತ್ತಿಕೊಂಡು ಹೋಗತೊಡಗಿದವು. ಕೇರಿಯ ಹೆಂಗಸರೆಲ್ಲ ಸೇರಿ ಹಿತ್ತಲಿಗೆ ತಂತಿ ಜಾಲರಿ ಹಾಕಿಸಿದರು. ಗದ್ದೆ ಬದಿ, ತಿಪ್ಪೆ, ಕೆರೆ ದಂಡೆ ಅಂತ ಊರೆಲ್ಲ ಕೆದಕಿಕೊಂಡು ತಿನ್ನುತ್ತಿದ್ದ ಕೋಳಿಗಳು ಈಗ ಒಳಗೇ ಉಳಿದು, ಹಾಕಿದ ಜೋಳ ಮತ್ತು ನುಚ್ಚು ತಿಂದುಕೊಂಡು ದಪ್ಪಗಾದವು. ನಾಯಿ ಕಾಟ ತಪ್ಪಿತು ಅಂತ ಎಲ್ಲರಿಗೂ ನೆಮ್ಮದಿ.

ಆ ನೆಮ್ಮದಿ ಬಹಳ ದಿನ ಇರಲಿಲ್ಲ. ಮೊಟ್ಟೆ ಒಡೆಯತೊಡಗಿದವು.

ಮೊದಲು ಬುಟ್ಟಿಯ ತಳದಲ್ಲಿ ಒಂದೆರಡು. ಆಮೇಲೆ ನಡುವೆಯೂ. ಹೊಟ್ಟು ಪೂರ್ತಿ ಒದ್ದೆಯಾಗಿ, ಬುಟ್ಟಿ ನಾತ ಹೊಡೆದು, ಪಕ್ಕದಲ್ಲಿ ಕೂತವರು ಮೂಗು ಮುಚ್ಚಿಕೊಂಡು ಎದ್ದು ಹೋಗುವ ಹಾಗಾಯಿತು. ಹುಚ್ಚಮ್ಮನ ಸಿಟ್ಟೆಲ್ಲ ಬಸ್ಸಿನ ಮೇಲೆ ತಿರುಗಿತು. “ಹಂಪ್ ಬಂದಾಗ ಒಂಚೂರು ನಿಧಾನ ಬಿಡಕ್ಕೆ ಎಂತ ರೋಗ ನಿಂಗೆ?” ಅಂತ ಡ್ರೈವರಿನ ಮೇಲೆ ಏರಿಹೋದಳು. “ಅಮ್ಮಾ, ನಿನ್ ಮೊಟ್ಟೆ ಸಲುವಾಗಿ ಬಸ್ಸನ್ನ ಎತ್ಕೊಂಡು ಹೋಗ್ಲೇನು?” ಅಂದ ಕಂಡಕ್ಟರು. ಇಡೀ ಬಸ್ಸು ನಕ್ಕಿತು. ಅಲ್ಲಾ, ಬಸ್ಸು ಮೊದಲಿನದೇ, ರಸ್ತೆ ಮೊದಲಿನದೇ, ಹಂಪುಗಳೂ ಮೊದಲಿನವೇ. ಹಿಂದೆ ಒಡೆಯದ ಮೊಟ್ಟೆ ಈಗ ಒಡೆದರೆ ಬಸ್ಸಿನ ತಪ್ಪೇನ್ರೀ? ಇದು ಅವಳಿಗೂ ಒಳಗೊಳಗೇ ಹೊಳೆದಿತ್ತು. ಒಪ್ಪಿಕೊಳ್ಳೋಕೆ ಮನಸ್ಸಿರಲಿಲ್ಲ, ಅಷ್ಟೇ. ಕೊನೆಗೆ ಒಂದು ಬೆಳಿಗ್ಗೆ ಗೂಡಿಗೆ ಕೈ ಹಾಕಿದಾಗ ಮೊಟ್ಟೆಯೊಂದು ಬೆರಳು ತಾಗಿದ್ದೇ ಹಪ್ಪಳದ ಹಾಗೆ ಮುರಿಯಿತು. ಸಿಪ್ಪೆ ಕಾಗದದಷ್ಟು ತೆಳ್ಳಗಿತ್ತು.

ಆ ಹೊತ್ತಿಗೆ ಸರಿಯಾಗಿ ಸೊರಬದಿಂದ ಶ್ರೀವಾಣಿ ಅನ್ನುವ ಡಾಕ್ಟರಮ್ಮ ಹೆಂಗಸರಿಗೆ ಕೋಳಿ ಸಾಕಣೆ ತರಬೇತಿ ಕೊಡೋಕೆ ಊರಿಗೆ ಬಂದಳು. ಪ್ರಾಣಿಗಳ ಡಾಕ್ಟರು, ವಯಸ್ಸು ಸಣ್ಣದು, ಮಾತು ಚುರುಕು. ಹುಚ್ಚಮ್ಮ ಎದ್ದು ನಿಂತು ಕೇಳಿಯೇಬಿಟ್ಟಳು.

“ಸಿಪ್ಪೆ ತೆಳ್ಳಗಾಗಿದೆ ಅಂದ್ರೆ ಕೋಳಿಗೆ ಸುಣ್ಣದ ಅಂಶ ಕಮ್ಮಿ ಆಗಿದೆ” ಅಂದಳು ಶ್ರೀವಾಣಿ. “ಸುಣ್ಣದ ಕಲ್ಲು ಇರತ್ತಲ್ಲ, ಅದರ ನುಚ್ಚು ಮಾಡಿ ಕಾಳಿನ ಜೊತೆ ಹಾಕಿ. ಸರಿಹೋಗತ್ತೆ.”

ಸುಣ್ಣದ ಕಲ್ಲು! ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿ ಹಗುರಾದರು. ಕೆರೆಗೆ ಹೋಗುವ ದಾರಿಯಲ್ಲಿ ಒಂದು ದಿಬ್ಬ ಇದೆ, ಊರವರು ಅದಕ್ಕೆ ಸುಣ್ಣಗಲ್ಲ ದಿಬ್ಬ ಅಂತಲೇ ಕರೆಯುವುದು. ಕೆಂಪು ಮಣ್ಣಿನ ಮೇಲೆಲ್ಲ ಬೆಳ್ಳನೆ ಕಲ್ಲು ಚೆಲ್ಲಾಡಿರುತ್ತವೆ. ಮಳೆ ಬಂದು ತೊಳೆದ ಮಾರನೇ ದಿನ ನೋಡಿದರೆ ಕಣ್ಣು ಕೋರೈಸುತ್ತವೆ. ತಾತ ಮುತ್ತಾತನ ಕಾಲದಿಂದ ಅವು ಸುಣ್ಣದ ಕಲ್ಲುಗಳೇ. ಬಾಯಲ್ಲೇ ಹೆಸರಿರುವಾಗ ಇನ್ನು ಹುಡುಕುವುದೇನಿದೆ?

ಹುಚ್ಚಮ್ಮ ಅವತ್ತೇ ಗೋಣಿಚೀಲ ತಗೊಂಡು ಹೋಗಿ ಆರಿಸಿ ತಂದಳು. ಆಮೇಲೆ ಕುಟ್ಟುವ ಕೆಲಸ. ಅಬ್ಬಬ್ಬಾ! ಹಾರೆಯ ತುದಿಯಲ್ಲಿ ಜಜ್ಜಿದರೆ ಕಲ್ಲು ಪುಡಿಯಾಗುವುದಿಲ್ಲ, ಚಿಟಿಲ್ ಅಂತ ಸಿಡಿಯುತ್ತದೆ. ಕಿಡಿ ಹಾರುತ್ತದೆ. ಒಡೆದ ಚೂರು ಗಾಜಿನ ಹಾಗೆ ಕೈ ಕೊಯ್ಯುತ್ತದೆ. ಹಾರೆಯ ತುದಿ ಮೊಂಡಾಯಿತು, ಭುಜ ಬಿದ್ದುಹೋಯಿತು, ಅವಳು ಮಾತ್ರ ನಿಲ್ಲಿಸಲಿಲ್ಲ. ಬಟ್ಟೆ ಕಟ್ಟಿದ ಕೈಯಲ್ಲಿ ಕುಟ್ಟಿ, ಮೊರದಲ್ಲಿ ಕೇರಿ, ಕಾಳಿನಷ್ಟು ಸಣ್ಣ ನುಚ್ಚು ಮಾಡಿ ಎಲ್ಲ ಮನೆಗೂ ತಾನೇ ಹಂಚಿದಳು. ಸುನಿತಾ ಚೂರನ್ನು ಬೆಳಕಿಗೆ ಹಿಡಿದು, “ಇದು ಕಲ್ಲುಸಕ್ಕರೆ ಇದ್ದಂಗೆ ಇದ್ಯಲ್ಲ ಅತ್ತೆ, ಸುಣ್ಣ ಹಿಂಗಿರ್ತದ?” ಅಂದಳು. “ಡಾಕ್ಟ್ರು ಹೇಳಿದ್ಮೇಲೂ ನಿಂದೊಂದು. ಸುಮ್ನೆ ಹಾಕೆ ಮಾರಾಯ್ತಿ” ಅಂತ ಹುಚ್ಚಮ್ಮ ಗದರಿದಳು.

ಕೋಳಿಗಳೂ ಹಸಿದವರ ಹಾಗೆ ಕಲ್ಲು ಹೆಕ್ಕಿ ನುಂಗಿದವು. ಅದನ್ನು ನೋಡಿ ಹುಚ್ಚಮ್ಮನ ಎದೆ ಉಬ್ಬಿತು. ಮುಂದಿನ ವಾರ ಬುಟ್ಟಿ ಹೊತ್ತುಕೊಂಡು ಹೋದಳು. ಒಡೆದವು. ಅದರ ಮುಂದಿನ ವಾರ ಕಲ್ಲು ಇನ್ನಷ್ಟು ಜಾಸ್ತಿ ಹಾಕಿಸಿದಳು. ಇನ್ನಷ್ಟು ಜಾಸ್ತಿ ಒಡೆದವು.

ಅವತ್ತು ದೇವರಾಜ ಒದ್ದೆ ಬುಟ್ಟಿಯನ್ನು ಅಂಗಡಿಯೊಳಗೆ ಇಳಿಸಿಕೊಳ್ಳಲೇ ಇಲ್ಲ.

“ಏನ್ರೀ ಹುಚ್ಚಮ್ಮಾರ, ಮತ್ತ ಒಡ್ಕೊಂಡೇ ಬಂದೀರಲ್ಲ! ಮನೀಗೆ ಒಯ್ದವರು ತಿರುಗಿ ಬಂದು ನನ್ನ ಬೈತಾರ. ನಿಮ್ಮ ಮ್ಯಾಲೆ ಸಿಟ್ಟಿಲ್ಲ ನಂಗೆ, ಆದ್ರ ವ್ಯಾಪಾರ ಮಾಡಬೇಕಲ್ಲ? ಈ ತಿಂಗಳು ಮುಗಿಯೂದ್ರಾಗ ಗಟ್ಟಿ ಮೊಟ್ಟೆ ತಂದ್ರ ಸರಿ. ಇಲ್ಲಾಂದ್ರ ಬ್ಯಾಡ ಬಿಡ್ರಿ, ಬ್ಯಾರೆ ಊರಿನವ್ರು ಕೊಡ್ತೀನಿ ಅಂದಾರ.”

ಹುಚ್ಚಮ್ಮ ಒದ್ದೆ ಬುಟ್ಟಿಯನ್ನೇ ತಿರುಗಿ ಕಂಕುಳಲ್ಲಿಟ್ಟುಕೊಂಡು, ಮಗಳ ಮನೆಗೂ ಹೋಗದೆ, ಸಿಕ್ಕ ಬಸ್ಸು ಹತ್ತಿ ವಾಪಸ್ ಬಂದಳು.

ಕೇರಿಯಲ್ಲಿ ಅಷ್ಟರೊಳಗೆ ಬೇರೆಯೇ ಗುಸುಗುಸು ಶುರುವಾಗಿತ್ತು. ಕೋಳಿ ಕೊಳ್ಳುವ ವ್ಯಾನಿನವನು ಬಂದು ಹೋಗಿದ್ದನಂತೆ, ಇದ್ದಬದ್ದ ಕೋಳಿಯನ್ನೆಲ್ಲ ತೂಕಕ್ಕೆ ಹಾಕಿಕೊಳ್ಳುತ್ತೇನೆ ಅಂದನಂತೆ. “ಮೊಟ್ಟೆ ಒಡ್ಕಂಡು ಕೂರದಕ್ಕಿಂತ ಕೊಟ್ಟುಬಿಡದೇ ಚಲೋ. ಮುಂದಿನ ಸಲ ಅವ ಬಂದಾಗ ನಾನಂತೂ ಕೊಡದೇ” ಅಂದಳು ರಾಜೇಶ್ವರಮ್ಮ, ಪಿಚಕ್ಕೆಂದು ಉಗಿದು. ಅವಳು ಕೊಟ್ಟರೆ ಉಳಿದವರೂ ಕೊಡುತ್ತಾರೆ. ಆಮೇಲೆ ಬುಟ್ಟಿಯೂ ಇಲ್ಲ, ಶಿಕಾರಿಪುರವೂ ಇಲ್ಲ, ಹಲಗೆಯ ಮೇಲೆ ಕುಪ್ಪಗಡ್ಡೆಯ ಹೆಸರೂ ಇಲ್ಲ. ಹುಚ್ಚಮ್ಮ ಅಳಲಿಲ್ಲ. ಹಲ್ಲು ಕಚ್ಚಿಕೊಂಡು, “ಅವನ ವ್ಯಾನು ಬರೋದ್ರೊಳಗೆ ನಾನು ಇದನ್ನ ನೋಡೇ ಬಿಡ್ತೀನಿ. ಅಲ್ಲೀವರಿಗೆ ಯಾರೂ ಒಂದು ಕೋಳಿನೂ ಕೊಡಂಗಿಲ್ಲ” ಅಂದಳು.

ನೋಡುವುದು ಅಂದರೆ ಎಲ್ಲಿ ನೋಡುವುದು? ಅದು ಅವಳಿಗೂ ಗೊತ್ತಿರಲಿಲ್ಲ. ದಾರಿ ಸಿಕ್ಕಿದ್ದು ಭಾನುವಾರ, ಸುನಿತಾಳ ಮನೆಗೆ ನೆಂಟರು ಬಂದು ಒಂದು ಕೋಳಿ ಕೊಯ್ದಾಗ. ಹಿತ್ತಲಲ್ಲಿ ಸುನಿತಾ ಕೋಳಿ ಹಸನು ಮಾಡುತ್ತಿದ್ದಳು. ಕೋಳಿಯ ಹೊಟ್ಟೆಯೊಳಗೆ ಗಟ್ಟಿ ಮಾಂಸದ ಒಂದು ಸಣ್ಣ ಚೀಲ ಇರುತ್ತದೆ, ಕಲ್ಲುಚೀಲ ಅಂತಾರೆ. ಅದನ್ನು ಸೀಳಿ, ಒಳಗಿರುವ ಕಸ ಚೆಲ್ಲಿ, ತೊಳೆದು ಸಾರಿಗೆ ಹಾಕುವುದು. ಹುಚ್ಚಮ್ಮ ಜೀವಮಾನದಲ್ಲಿ ಅಂಥಾ ಎಷ್ಟೋ ಚೀಲ ಸೀಳಿದ್ದಳು, ಒಳಗಿದ್ದದ್ದನ್ನು ಕಣ್ಣು ಹಾಯಿಸದೆ ಬೂದಿಗುಂಡಿಗೆ ಎಸೆದಿದ್ದಳು. ಇವತ್ತು ಸುನಿತಾಳ ಕೈ ಹಿಡಿದುಕೊಂಡಳು.

“ಚೆಲ್ಲಬೇಡ, ಇಲ್ಲಿ ಕೊಡು.”

ಒಂದು ಬಟ್ಟಲು ನೀರಿನಲ್ಲಿ ಜಾಲಾಡಿದಳು. ಅರೆದ ಜೋಳ, ಹಸಿರು ಕಸ ಎಲ್ಲ ತೇಲಿಹೋಗಿ ತಳದಲ್ಲಿ ಕಲ್ಲು ಉಳಿದವು. ಅವಳೇ ಕುಟ್ಟಿ ಹಂಚಿದ ಕಲ್ಲು! ಒಂದೂ ಕರಗಿರಲಿಲ್ಲ. ಆಗ ಕೈ ಕೊಯ್ಯುತ್ತಿದ್ದ ಚೂಪು ಮಾತ್ರ ಸವೆದು ನುಣುಪಾಗಿತ್ತು, ಒದ್ದೆ ಕಲ್ಲು ಮುತ್ತಿನ ಹಾಗೆ ಹೊಳೆಯುತ್ತಿತ್ತು. ಹುಚ್ಚಮ್ಮ ಅಲ್ಲೇ ಕುಕ್ಕರುಗಾಲಲ್ಲಿ ಕೂತು ನೋಡಿದಳು, ನೋಡಿಯೇ ನೋಡಿದಳು. ಸುಣ್ಣ ಆಗಿದ್ದರೆ ಕರಗಿ ಮೊಟ್ಟೆಯ ಸಿಪ್ಪೆಗೆ ಸೇರಬೇಕಿತ್ತಲ್ಲ? ಇದು ಹೊಟ್ಟೆಯಲ್ಲೇ ಕೂತಿದೆ. ಹಾಗಾದರೆ ಇದು ಸುಣ್ಣ ಹೌದೋ ಅಲ್ಲವೋ?

ಬಟ್ಟಲು ಸಮೇತ ರಾಜೇಶ್ವರಮ್ಮನ ಜಗಲಿಗೆ ನಡೆದಳು. ಸುಣ್ಣದ ವಿಷಯ ಕೇಳಬೇಕಾದರೆ ದಿನಾ ತಿನ್ನುವವಳನ್ನೇ ಕೇಳಬೇಕು.

ರಾಜೇಶ್ವರಮ್ಮ ಒಂದು ಕಲ್ಲು ಎತ್ತಿ ಉಗುರಲ್ಲಿ ಕೆರೆದಳು. “ನಮ್ಮ ತವರಲ್ಲಿ ಸುಣ್ಣ ಸುಡ್ತಿದ್ರು. ಕಲ್ಲಲ್ಲ, ಕೆರೆ ಚಿಪ್ಪು. ಚಿಪ್ಪನ್ನ ಕೆಂಡದಲ್ಲಿ ಸುಟ್ಟು ನೀರು ಚಿಮುಕಿಸಿದ್ರೆ ಬುಸು ಬುಸು ಅಂತ ಅರಳಿ ಹಿಟ್ಟಾಗದು. ಸುಣ್ಣ ಅಂದ್ಮೇಲೆ ಅರಳ್ಬೇಕು. ಅರಳದಿದ್ರೆ ಅದು ಸುಣ್ಣ ಅಲ್ಲ, ಅಷ್ಟೇಯ.”

“ಮತ್ತೆ ದಿಬ್ಬಕ್ಕೆ ಸುಣ್ಣಗಲ್ಲ ದಿಬ್ಬ ಅಂತ ಯಾಕಂತಾರೆ?”

“ಬೆಳ್ಳಗಿದೆ ಅಂತ ಅಂತಾರೆ. ನಿನ್ನ ಹುಚ್ಚಮ್ಮ ಅನ್ನಲ್ವ, ಹಂಗೆ.”

ಹುಚ್ಚಮ್ಮನಿಗೆ ನಗು ಬಂತು, ಸಿಟ್ಟೂ ಬಂತು. ಮನೆಗೆ ಬಂದವಳೇ ಒಲೆಗೆ ಸೌದೆ ತುರುಕಿ, ಒಂದು ಹಿಡಿ ಬಿಳಿಕಲ್ಲು ಕೆಂಡಕ್ಕೆ ಹಾಕಿ ಕೂತಳು. ಸ್ವಲ್ಪ ಹೊತ್ತಿಗೆ ಟಪ್ಪಂತ ಒಂದು ಸಿಡಿದು ನಾಗರಾಜಪ್ಪನ ಕಾಫಿ ಲೋಟಕ್ಕೆ ಬಿತ್ತು. ಅವನು ಲೋಟ ನೋಡಿದ, ಹೆಂಡತಿಯನ್ನು ನೋಡಿದ, “ಅಡುಗೆ ಎಂತ ಇವತ್ತು?” ಅಂದ. ಆ ಸಂಜೆಯ ಅವನ ಮಾತು ಅದೇ. ಹುಚ್ಚಮ್ಮ ಕಾದ ಕಲ್ಲುಗಳನ್ನು ಇಕ್ಕಳದಲ್ಲಿ ಎತ್ತಿ ಹಂಚಿನ ಮೇಲಿಟ್ಟು, ದೂರ ನಿಂತು ನೀರು ಚಿಮುಕಿಸಿದಳು. ಚುರ್ ಅಂದವು. ಬಿರುಕು ಬಿಟ್ಟವು. ಅರಳಲಿಲ್ಲ. ಹಿಟ್ಟಾಗಲಿಲ್ಲ. ಬಿರುಕು ಬಿಟ್ಟ ಕಲ್ಲು ಕಲ್ಲಾಗಿಯೇ ಉಳಿಯಿತು.

ಊರಿಗೆ ಊರೇ ಕರೆದ ಹೆಸರು ಸುಳ್ಳು. ಅದನ್ನು ನಂಬಿ ಕೇರಿಯ ಕೋಳಿಗಳಿಗೆಲ್ಲ ಕಲ್ಲು ತಿನ್ನಿಸಿದವಳು ತಾನು. ಕೋಳಿಗಳು ಸತ್ತರೆ? ಅನ್ನ ಸೇರಲಿಲ್ಲ. ಮಾರನೇ ಬೆಳಿಗ್ಗೆ ಸೆರಗಿನ ತುದಿಗೆ ಕಲ್ಲು ಕಟ್ಟಿಕೊಂಡು ಸೊರಬದ ಬಸ್ಸು ಹತ್ತಿ, ಶ್ರೀವಾಣಿಯ ಮನೆ ಕೇಳಿಕೊಂಡು ಹೋದಳು.

ಶ್ರೀವಾಣಿ ತಿಂಡಿ ತಿನ್ನುತ್ತಿದ್ದವಳು ಎದ್ದು ಬಂದಳು. ಕಲ್ಲು ನೋಡಿದ ಕೂಡಲೇ ಅವಳ ಮುಖ ಸಣ್ಣದಾಯಿತು. “ಅಯ್ಯೋ, ಇದನ್ನ ಹಾಕಿದ್ರಾ? ನಾನು ಅಂಗಡೀಲಿ ಚೀಲದಲ್ಲಿ ಬರತ್ತಲ್ಲ, ಆ ಸುಣ್ಣದ ಕಲ್ಲಿನ ನುಚ್ಚು ಹೇಳಿದ್ದು. ನಿಮ್ಮೂರಲ್ಲಿ ಇದಕ್ಕೆ ಅದೇ ಹೆಸರಿದೆ ಅಂತ ನಂಗೇನು ಗೊತ್ತು! ತೋರಿಸಿ ಹೇಳಬೇಕಿತ್ತು ನಾನು.”

“ನಿಮ್ಮ ತಪ್ಪಲ್ಲ ಬಿಡಿ. ಈ ಕಲ್ಲು ಯಾವುದು, ಅದನ್ನ ಹೇಳಿ” ಅಂದಳು ಹುಚ್ಚಮ್ಮ. “ಸುಮ್ನೆ ಹೆಸರು ಹೇಳ್ಬೇಡಿ. ಹೆಸರು ನಂಬಿಯೇ ಇಲ್ಲೀವರಿಗೆ ಬಂದಿದ್ದು. ನನ್ನ ಕಣ್ಣಿಗೆ ಕಾಣಂಗೆ ತೋರ್ಸಿ.”

ಶ್ರೀವಾಣಿ ನಕ್ಕು ಒಳಗಿನಿಂದ ಒಂದು ಬಟ್ಟಲು, ನಿಂಬೆಹಣ್ಣು, ಮೊಟ್ಟೆಯ ಸಿಪ್ಪೆ, ಒಂದು ಚಾಕು, ಒಂದು ಹಳೇ ಗಾಜಿನ ಸೀಸೆ ತಂದಳು. ಬಟ್ಟಲಿಗೆ ನಿಂಬೆರಸ ಹಿಂಡಿ ಒಂದು ಕಡೆ ಮೊಟ್ಟೆಯ ಸಿಪ್ಪೆ, ಇನ್ನೊಂದು ಕಡೆ ಬಿಳಿಕಲ್ಲು ಹಾಕಿದಳು. ಸಿಪ್ಪೆಯ ಮೈಮೇಲೆಲ್ಲ ಸಣ್ಣ ಸಣ್ಣ ಗುಳ್ಳೆ ಎದ್ದವು. ಕಲ್ಲು ಸುಮ್ಮನೆ ಬಿದ್ದಿತ್ತು. ಸುಣ್ಣ ಎಲ್ಲಿದ್ದರೂ ಹುಳಿ ತಾಗಿದರೆ ಸುಮ್ಮನಿರುವುದಿಲ್ಲ. ಈ ಕಲ್ಲಿಗೆ ಹುಳಿಯ ಪರಿವೆಯೇ ಇಲ್ಲ. ಆಮೇಲೆ ಚಾಕುವಿನಲ್ಲಿ ಕಲ್ಲನ್ನು ಗೀರಿ ನೋಡಿ ಅಂದಳು. ಹುಚ್ಚಮ್ಮ ಶಕ್ತಿಯೆಲ್ಲ ಹಾಕಿ ಗೀರಿದಳು. ಕಲ್ಲಿನ ಮೇಲೆ ಗೆರೆ ಬೀಳಲಿಲ್ಲ, ಚಾಕುವಿನ ಕಬ್ಬಿಣವೇ ಪೆನ್ಸಿಲ್ಲಿನ ಹಾಗೆ ಕರಿಗೆರೆಯಾಗಿ ಹತ್ತಿಕೊಂಡಿತು. ಅದೇ ಕಲ್ಲಿನ ಮೂಲೆಯಿಂದ ಸೀಸೆಯನ್ನು ಗೀರಿದರೆ ಗಾಜಿನ ಮೇಲೆ ಕರ್ ಅಂತ ಬಿಳಿ ಗೆರೆ ಮೂಡಿತು.

“ಇದು ಬೆಣಚುಕಲ್ಲು” ಅಂದಳು ಶ್ರೀವಾಣಿ. “ಹೊಳೆಯ ಮರಳು ಇದ್ಯಲ್ಲ, ಅದರಲ್ಲೂ ಹೆಚ್ಚಿನದು ಇದೇ. ನಿಮ್ಮ ಕಡೆ ಬಂಡೆಗಳು ಮಳೆಗೆ ಬಿಸಿಲಿಗೆ ಕೊಳೆತು ಕೆಂಪು ಮಣ್ಣಾದ್ವು. ಇದು ಮಾತ್ರ ಕೊಳೆಯಲ್ಲ, ಕರಗಲ್ಲ. ಅದಕ್ಕೇ ದಿಬ್ಬದ ಮೇಲೆ ಇದೊಂದೇ ಉಳ್ಕೊಂಡಿದ್ದು. ಕೆಲವು ಕಂದು ಬಣ್ಣಕ್ಕಿರ್ತವಲ್ಲ, ಅವೂ ಇದೇ, ಮೇಲೆ ಕೆಂಪು ಮಣ್ಣಿನ ಕಲೆ ಹಿಡಿದಿರತ್ತೆ ಅಷ್ಟೇ.”

“ಕರಗದೇ ಇರೋದನ್ನ ಹೊಟ್ಟೆಗೆ ಹಾಕ್ಬಿಟ್ನಲ್ಲ ಡಾಕ್ಟ್ರೆ. ಕೋಳಿ ಸಾಯ್ತಾವ?” ಅಂದಳು ಹುಚ್ಚಮ್ಮ.

“ಇಲ್ಲ ಇಲ್ಲ. ಕೋಳಿಗೆ ಹಲ್ಲಿದ್ಯಾ ಹೇಳಿ? ನುಂಗಿದ ಕಲ್ಲೇ ಅದಕ್ಕೆ ಹಲ್ಲು. ಕಲ್ಲುಚೀಲದಲ್ಲಿ ಕಾಳು ಅರೆಯೋದು ಈ ಕಲ್ಲೇ. ಬೇರೆ ಮೆತ್ತನೆ ಕಲ್ಲಾದ್ರೆ ಬೇಗ ಸವೆದುಹೋಗತ್ತೆ, ಇದು ಬಾಳಿಕೆ ಬರತ್ತೆ. ಜಾಲರಿಯೊಳಗಿರೋ ಕೋಳಿಗೆ ಕಲ್ಲು ಬೇಕೇ ಬೇಕು. ಜಜ್ಜಿದ ಚೂಪು ಚೂರು ಮಾತ್ರ ಬೇಡ, ಹಳ್ಳದ ನುಣುಪು ಸಣ್ಣಕಲ್ಲು ಸಾಕು. ಆದ್ರೆ ಹಲ್ಲು ಕೊಟ್ಟು ಊಟ ಕೊಡದಿದ್ರೆ ಆಗತ್ತಾ? ಸಿಪ್ಪೆಗೆ ಸುಣ್ಣ ಬೇರೆ ಕೊಡ್ಬೇಕು.”

ಬಸ್ಸಿನಲ್ಲಿ ವಾಪಸ್ ಬರುತ್ತ ಹುಚ್ಚಮ್ಮ ಇದನ್ನೇ ಮೆಲುಕು ಹಾಕಿದಳು. ಜಾಲರಿ ಹಾಕುವ ಮುಂಚೆ ಕೋಳಿಗಳು ಗದ್ದೆಯಲ್ಲಿ ಬಸವನಹುಳು, ಚಿಪ್ಪು ಎಲ್ಲ ಹೆಕ್ಕುತ್ತಿದ್ದವು. ಸುಣ್ಣ ಅವಕ್ಕೆ ಅಲ್ಲೇ ಸಿಗುತ್ತಿತ್ತು. ಜಾಲರಿ ಹಾಕಿ ಅದನ್ನು ತಪ್ಪಿಸಿದ್ದು ತಾವೇ. ಅಂಗಡಿಯ ಚೀಲಕ್ಕೆ ಕಾಯುವುದೇಕೆ, ಕೊಯ್ಲಾದ ಗದ್ದೆಗಳಲ್ಲಿ, ನೀರಿಳಿದ ಕೆರೆ ದಂಡೆಯಲ್ಲಿ ಖಾಲಿ ಚಿಪ್ಪು ರಾಶಿ ರಾಶಿ ಬಿದ್ದಿವೆಯಲ್ಲ! ಯಾರಿಗೂ ಏನೂ ಹೇಳದೆ ಕಲ್ಲಿನ ಬದಲು ಚಿಪ್ಪು ಹಾಕಿಸಿದರೆ ಮುಗಿಯಿತು, ತಪ್ಪೂ ಯಾರಿಗೂ ಗೊತ್ತಾಗುವುದಿಲ್ಲ. ಈ ಯೋಚನೆ ಬಂದದ್ದು ಸುಳ್ಳಲ್ಲ. ಬಸ್ಸಿಳಿದು ಕೇರಿಗೆ ನಡೆಯುವಷ್ಟರಲ್ಲಿ ಅದನ್ನು ಬಿಟ್ಟಳು. ತನ್ನ ಮಾತು ಕೇಳಿ ಕಲ್ಲು ಹಾಕಿದವರು ನಾಳೆ ಇನ್ನೊಬ್ಬರಿಗೆ ಅದನ್ನೇ ಹೇಳುತ್ತಾರೆ.

ಸಂಜೆ ಎಲ್ಲರನ್ನೂ ಕರೆದಳು. ಜಗಲಿಯ ಮೇಲೆ ಬಟ್ಟಲಿಟ್ಟು, ನಿಂಬೆಹಣ್ಣು ಹಿಂಡಿ, ಸಿಪ್ಪೆ, ಕೆರೆಯ ಚಿಪ್ಪು, ಬಿಳಿಕಲ್ಲು ಮೂರನ್ನೂ ಹಾಕಿ ತೋರಿಸಿದಳು. ಸಿಪ್ಪೆಯೂ ಚಿಪ್ಪೂ ಗುಳ್ಳೆ ಎಬ್ಬಿಸಿದವು.

“ಈ ಕಲ್ಲು ಸುಣ್ಣ ಅಲ್ಲ. ತಿಳೀದೆ ನಿಮಗೆಲ್ಲ ಹಂಚಿದೆ. ಸುನಿತಾ ಅವತ್ತೇ ಕೇಳಿದ್ಲು, ನಾನೇ ಬಾಯಿ ಮುಚ್ಚಿಸ್ದೆ. ಬೈಯೋದಿದ್ರೆ ಈಗ್ಲೇ ಬೈದು ಮುಗಿಸ್ಬಿಡಿ, ನಾಳೆಯಿಂದ ಕೆಲಸ ಇದೆ.”

ಬೈದರು. ಯಾಕೆ ಬಿಡುತ್ತಾರೆ! ರಾಜೇಶ್ವರಮ್ಮ ಅಂತೂ ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದು ಬೈದಳು. ಹುಚ್ಚಮ್ಮ ತಲೆ ತಗ್ಗಿಸಲಿಲ್ಲ, ಎದುರು ಮಾತೂ ಆಡಲಿಲ್ಲ. ಎಲ್ಲ ಮುಗಿದ ಮೇಲೆ ರಾಜೇಶ್ವರಮ್ಮ ಬಟ್ಟಲಿನೊಳಗೆ ಮತ್ತೊಮ್ಮೆ ಬಗ್ಗಿ ನೋಡಿ, “ಚಿಪ್ಪು ಹಸೀದೇ ಹಾಕ್ಬೇಡಿ. ಒಂಚೂರು ಹುರಿದ್ರೆ ಪುಡಿ ಮಾಡಕ್ಕೆ ಸುಲಭ” ಅಂದಳು. ವ್ಯಾನಿನವನ ಮಾತು ಅವಳ ಬಾಯಲ್ಲಿ ಅವತ್ತು ಬರಲಿಲ್ಲ.

ಮುಂದಿನ ದಿನಗಳಲ್ಲಿ ಕೇರಿಯ ಹೆಂಗಸರು ಗದ್ದೆ ಗದ್ದೆ ತಿರುಗಿ ಚಿಪ್ಪು ಆರಿಸಿದರು, ತೊಳೆದು ಹುರಿದು ಪುಡಿ ಮಾಡಿದರು. ಚಿಪ್ಪು ಹಾರೆಯ ಏಟಿಗೆ ಪುಡುಪುಡಿಯಾಗುವುದನ್ನು ನೋಡಿ ಹುಚ್ಚಮ್ಮ ಹಣೆ ಚಚ್ಚಿಕೊಂಡಳು: ಇದನ್ನು ಕಲ್ಲು ಕುಟ್ಟುವಾಗಲೇ ಕೈ ಹೇಳಿತ್ತಲ್ಲ, ತಾನು ಕೇಳಲಿಲ್ಲವಲ್ಲ! ಹಳ್ಳದಿಂದ ತಂದ ಸಣ್ಣ ನುಣುಪು ಬೆಣಚುಕಲ್ಲನ್ನು ಒಂದು ಕರಟದಲ್ಲಿ, ಚಿಪ್ಪಿನ ಪುಡಿಯನ್ನು ಇನ್ನೊಂದು ಕರಟದಲ್ಲಿ ಇಟ್ಟರು. ಯಾವುದು ಎಷ್ಟು ಬೇಕೋ ಕೋಳಿಗಳೇ ತಿಂದುಕೊಂಡವು. ಆ ವಾರ ಹುಚ್ಚಮ್ಮ ಶಿಕಾರಿಪುರಕ್ಕೆ ಹೋಗಲಿಲ್ಲ. ಅದರ ಮುಂದಿನ ವಾರವೂ ಹೋಗಲಿಲ್ಲ. ದಿನಾ ಗೂಡಿನಿಂದ ಮೊಟ್ಟೆ ಎತ್ತಿ, ಎರಡನ್ನು ಕಿವಿಯ ಹತ್ತಿರ ಮೆಲ್ಲಗೆ ತಾಗಿಸಿ ಸದ್ದು ಕೇಳುತ್ತಿದ್ದಳು. ಮೊದಮೊದಲು ಮೆತ್ತಗಿನ ಸದ್ದು. ದಿನ ಹೋದ ಹಾಗೆ ಟಿಣ್ ಅನ್ನತೊಡಗಿತು.

ತಿಂಗಳ ಕೊನೆಗೆ ಬುಟ್ಟಿ ಕಟ್ಟಿದಳು. ಸದ್ದು ಒಪ್ಪದ ಒಂದು ಮೊಟ್ಟೆಯನ್ನೂ ಇಡಗೊಡಲಿಲ್ಲ, ರಾಜೇಶ್ವರಮ್ಮನದೂ ಅಷ್ಟೇ, ತನ್ನದೂ ಅಷ್ಟೇ. ಬುಟ್ಟಿ ಅರ್ಧ ಮಾತ್ರ ತುಂಬಿತು. ಎಲ್ಲ ಹಂಪುಗಳ ಮೇಲೂ ಬಸ್ಸು ಎಂದಿನ ಹಾಗೆ ಕುಣಿಯಿತು, ಹುಚ್ಚಮ್ಮ ಕಣ್ಣು ಮುಚ್ಚಿ ಕೂತಿದ್ದಳು.

ದೇವರಾಜ ಹೊಟ್ಟಿನೊಳಗೆ ಕೈಹಾಕಿ ತಳದವರೆಗೂ ತಡಕಿದ. ಕೈ ಒಣಗಿಯೇ ಹೊರಬಂತು. “ಅರೆ! ಏನ್ ಮಾಡಿದ್ರಿ?” ಅಂದ. ಅಂಗಡಿಯ ಮುಂದೆ ಯಮುನಮ್ಮ ಅನ್ನುವ ಹೆಂಗಸು ನಿಂತಿದ್ದಳು, ಮಗಳ ಬಾಣಂತನಕ್ಕೆ ಮೊಟ್ಟೆ ಒಯ್ಯೋಕೆ ಬಂದವಳು. ದೇವರಾಜ ಅವಳ ಕಡೆ ನೋಡಿ, ಹುಚ್ಚಮ್ಮನಿಗೆ ಕಣ್ಣಲ್ಲೇ ‘ಹೆಚ್ಚು ಮಾತಾಡಬೇಡಿ’ ಅಂದ. ಹೊಟ್ಟು ಬದಲಿಸಿದೆ ಅಂದಿದ್ದರೆ ಸಾಕಿತ್ತು. ಹುಚ್ಚಮ್ಮ ಹಾಗೆ ಹೇಳಲಿಲ್ಲ.

“ಬೆಣಚುಕಲ್ಲನ್ನ ಸುಣ್ಣದ ಕಲ್ಲು ಅಂತ ತಿಳ್ಕಂಡು ಕೋಳಿಗೆ ತಿನ್ನಿಸ್ತಿದ್ದೆ. ಈಗ ಚಿಪ್ಪು ಹಾಕ್ತಿದೀವಿ.”

ಯಮುನಮ್ಮ ಚೀಲಕ್ಕೆ ಹಾಕಿಕೊಳ್ಳುತ್ತಿದ್ದ ಮೊಟ್ಟೆಗಳನ್ನು ಗಲ್ಲಾಪೆಟ್ಟಿಗೆಯ ಪಕ್ಕ ತಿರುಗಿ ಇಟ್ಟಳು. “ಕಲ್ಲು ತಿಂದ ಕೋಳಿ ಮೊಟ್ಟೆನಾ? ಬ್ಯಾಡ್ರಿ ಯಪ್ಪಾ, ಹಸಿ ಬಾಣಂತಿ ಐತಿ ನಮ್ಮನ್ಯಾಗ.”

ದೇವರಾಜ ಹಣೆ ಹಿಡಿದುಕೊಂಡ. ಹುಚ್ಚಮ್ಮನ ಮುಖಕ್ಕೆ ರಕ್ತ ನುಗ್ಗಿತು. ಇಷ್ಟು ದೂರ ಬಂದು, ಇಷ್ಟೆಲ್ಲ ಮಾಡಿ, ಇಲ್ಲಿ ಸೋಲುವುದಾ? ಆಗಲ್ಲ.

“ಈಗ್ಲೂ ತಿಂತಾವೆ, ಯಮ್ಮಾ” ಅಂದಳು, ದನಿ ಏರಿಸದೆ. “ನಿಮ್ಮ ಕೋಳಿನೂ ತಿಂತಾವೆ, ಎಲ್ಲಾರ ಕೋಳಿನೂ ತಿಂತಾವೆ. ಹಲ್ಲಿಲ್ಲದ ಬಡಜೀವ, ಕಾಳು ಅರೆಯಕ್ಕೆ ಅದಕ್ಕೆ ಕಲ್ಲೇ ಬೇಕು. ಆ ಕಲ್ಲು ಕರಗಲ್ಲ, ಮೊಟ್ಟೆಗೆ ಬರಲ್ಲ. ನನ್ನ ಮಾತು ನಂಬಬೇಡಿ. ಒಡೆದು ತೋರಿಸ್ತೀನಿ, ನೋಡ್ಕಂಡು ಒಯ್ಯಿರಿ.”

ಮೊಟ್ಟೆ ಒಡೆಯದಿರಲಿ ಅಂತ ಬೇಡಿಕೊಂಡೇ ಹುಚ್ಚಮ್ಮ ತಿಂಗಳುಗಳನ್ನು ಕಳೆದಿದ್ದಳು. ಈಗ ತಾನೇ ಬುಟ್ಟಿಯಿಂದ ಒಂದನ್ನು ಆರಿಸಿದಳು. ದೇವರಾಜ ಒಂದು ಸ್ಟೀಲಿನ ತಟ್ಟೆ ಮುಂದೆ ಸರಿಸಿದ. ಬಸ್ಸಿಗೆ ಕಾಯುತ್ತಿದ್ದವರೂ ಇಬ್ಬರು ಮೂವರು ಹತ್ತಿರ ಬಂದರು. ಹುಚ್ಚಮ್ಮ ಉಸಿರು ಬಿಗಿಹಿಡಿದು ಮೊಟ್ಟೆಯನ್ನು ತಟ್ಟೆಯ ಅಂಚಿಗೆ ಕುಟ್ಟಿದಳು.

ಟಣ್ ಅಂದಿತು. ಒಡೆಯಲಿಲ್ಲ.

ಹುಚ್ಚಮ್ಮ ಮೊಟ್ಟೆಯನ್ನು ಎರಡೂ ಅಂಗೈಯಲ್ಲಿ ಹಿಡಿದು ನೋಡಿದಳು. ಒಂದು ಗೆರೆ ಕೂಡ ಬಿದ್ದಿರಲಿಲ್ಲ. ಅವಳ ಕಣ್ಣಿಂದ ದಳದಳ ನೀರಿಳಿಯಿತು, ಒರೆಸಿಕೊಳ್ಳೋಕೆ ಕೈಗೆ ಬಿಡುವಿರಲಿಲ್ಲ.

“ಅಳೂದು ಆಮೇಲೆ ಇರ್ಲಿ, ಹುಚ್ಚಮ್ಮಾರ” ಅಂದ ದೇವರಾಜ, ನಗು ತಡೆಯಲಾರದೆ. “ಇನ್ನೊಂದೀಟು ಜೋರಾಗಿ ಕುಟ್ರಿ.”